ಕಡಲ ದಾರಿಗೆ ಮತ್ತೆ ರಹದಾರಿ

2023ರ ಡಿಸೆಂಬರ್ 23ರಂದು, ಸೌದಿ ಅರೇಬಿಯಾದ ಜುಬೈಲ್ ಬಂದರಿನಲ್ಲಿ ತೈಲ ತುಂಬಿಕೊಂಡು ನವಮಂಗಳೂರಿನ ಕಡೆಗೆ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗಿನ ಮೇಲೆ, ಗುಜರಾತಿನ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲು ಆಚೆ ಡ್ರೋನ್ ದಾಳಿ ನಡೆಯಿತು. ಹಡಗಿಗೆ ಬೆಂಕಿ ಹತ್ತಿತಾದರೂ ಸಿಬ್ಬಂದಿಯೇ ಅದನ್ನು ಆರಿಸಿದರು. ಯಾರ ಜೀವಕ್ಕೂ ಕುತ್ತಾಗಲಿಲ್ಲ. ನಮ್ಮ ಕರಾವಳಿ ರಕ್ಷಣಾ ಪಡೆಯ ವಿಕ್ರಮ್ ನೌಕೆ ಅದನ್ನು ಬೆಂಗಾವಲಿನಲ್ಲಿ ಮುಂಬೈಗೆ ಕರೆತಂದಿತು. ಡ್ರೋನ್ ಇರಾನಿನಿಂದಲೇ ಹಾರಿ ಬಂದದ್ದು ಎಂದು ಅಮೆರಿಕದ ರಕ್ಷಣಾ ಇಲಾಖೆ ಹೇಳಿತು, ಇರಾನ್ ನಿರಾಕರಿಸಿತು, ಸುದ್ದಿ ಕೆಲವು ದಿನ ಪತ್ರಿಕೆಗಳಲ್ಲಿದ್ದು ಮರೆಯಾಯಿತು. ನನಗೆ ಮಾತ್ರ ಆ ಹಡಗಿನ ಜಾತಕ ಇಂದಿಗೂ ಕಾಡುತ್ತದೆ. ಅದರ ಧ್ವಜ ಲೈಬೀರಿಯಾದ್ದು, ಒಡೆತನ ಜಪಾನಿನದು, ನಡೆಸುತ್ತಿದ್ದದ್ದು ನೆದರ್ಲೆಂಡ್ಸಿನಿಂದ, ತುಂಬಿದ್ದ ಸರಕು ಸೌದಿಯದು, ದುಡಿಯುತ್ತಿದ್ದವರು ಬಹುತೇಕ ಭಾರತೀಯರು, ಹೋಗಿ ಸೇರಬೇಕಾಗಿದ್ದದ್ದು ನವಮಂಗಳೂರು ಬಂದರಿರುವ ನಮ್ಮ ಪಣಂಬೂರಿಗೆ. ಇಂಥ ಹಡಗು ಯಾರದು? ಅದಕ್ಕೆ ಪೆಟ್ಟಾದರೆ ಕೇಳಬೇಕಾದವರು ಯಾರು?

ಜಗತ್ತಿನ ವ್ಯವಸ್ಥೆ ಬದಲಾಗುತ್ತಿದೆ ಎಂಬ ಮಾತನ್ನು ನಾವು ಹತ್ತು ವರ್ಷಗಳಿಂದ ಕೇಳುತ್ತಿದ್ದೇವೆ. ಬಹುಧ್ರುವ ಜಗತ್ತು, ಹೊಸ ಶೀತಲ ಸಮರ, ಜಾಗತಿಕ ದಕ್ಷಿಣದ ಉದಯ ಎಂಬ ಹೆಸರುಗಳಲ್ಲಿ ಅದನ್ನು ವಿವರಿಸುವವರು ಸಾಮಾನ್ಯವಾಗಿ ಶೃಂಗಸಭೆಗಳ ಛಾಯಾಚಿತ್ರಗಳನ್ನೂ ಜಿಡಿಪಿಯ ಕೋಷ್ಟಕಗಳನ್ನೂ ಮುಂದಿಡುತ್ತಾರೆ. ಆದರೆ ಬದಲಾವಣೆಯ ನಿಜವಾದ ಗುರುತು ಸಮುದ್ರದ ಮೇಲಿದೆ ಎಂಬುದು ನನ್ನ ಅಭಿಪ್ರಾಯ. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಸದ್ದು ಮಾಡಿದ, ಆದರೆ ಅತ್ಯಂತ ಹೆಚ್ಚು ಜನರಿಗೆ ನೆರವಾದ ಭಾಗವೆಂದರೆ, ಯಾವ ದೇಶದ ಹಡಗು ಎಂದು ಕೇಳದೆ ಎಲ್ಲ ವ್ಯಾಪಾರಿ ಹಡಗುಗಳಿಗೂ ದಾರಿ ಬಿಡಬೇಕೆಂಬ ಕಟ್ಟಳೆ. ಈಗ ಕಣ್ಣೆದುರೇ ಸಡಿಲವಾಗುತ್ತಿರುವುದು ಅದೇ. ನೀನು ಯಾರ ಕಡೆಯವನು ಎಂಬ ಪ್ರಶ್ನೆಗೆ ಉತ್ತರಿಸಿ ಮುಂದೆ ಹೋಗಬೇಕಾದ ಕಾಲ ಮತ್ತೆ ಬಂದಿದೆ.

ಮತ್ತೆ ಎಂದೆ, ಏಕೆಂದರೆ ನಮ್ಮ ಕರಾವಳಿ ಈ ಪ್ರಶ್ನೆಯನ್ನು ಒಮ್ಮೆ ಅನುಭವಿಸಿದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರಕ್ಕೆ ಬಂದ ಮೇಲೆ ಅವರಿಂದ ಕರ್ತಾಜ್ ಎಂಬ ರಹದಾರಿ ಪತ್ರ ಪಡೆಯದೆ ಹೊರಟ ಹಡಗನ್ನು ಹಿಡಿಯುವ, ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ತಮಗಿದೆ ಎಂದು ಸಾರಿದರು. ಭಟ್ಕಳ, ಹೊನ್ನಾವರ, ಬಸ್ರೂರು, ಮಂಗಳೂರುಗಳಿಂದ ಅಕ್ಕಿ, ಮೆಣಸು ಹೊತ್ತು ಅರಬ್ ದೇಶಗಳಿಗೆ ಹೋಗುತ್ತಿದ್ದ ವರ್ತಕರು, ಅದಕ್ಕೂ ಹಿಂದೆ ಶತಮಾನಗಳ ಕಾಲ ಯಾರ ಪತ್ರವನ್ನೂ ಕೇಳದೆ ಹೋಗಿಬಂದ ನೀರಿನಲ್ಲಿ, ಈಗ ಪರವಾನಗಿಗೆ ಹಣ ಕಟ್ಟಬೇಕಾಯಿತು. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರ ವಿರುದ್ಧ ನಿಂತದ್ದಕ್ಕೆ ಕಪ್ಪದ ಬೇಡಿಕೆಯ ಜೊತೆಗೆ ಈ ಕಡಲ ವ್ಯಾಪಾರದ ಸ್ವಾತಂತ್ರ್ಯವೂ ಕಾರಣವಾಗಿತ್ತು. ಮುಂದೆ, ಪೋರ್ಚುಗೀಸರ ಏಕಸ್ವಾಮ್ಯವನ್ನು ಮುರಿಯಲು ಬಂದ ಡಚ್ಚರು ಕಡಲು ಯಾರ ಸ್ವತ್ತೂ ಅಲ್ಲವೆಂದು ಯುರೋಪಿನಲ್ಲಿ ವಾದ ಹೂಡಿದರು. ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳ ಲವಂಗ, ಜಾಯಿಕಾಯಿ ತಮ್ಮ ಕೈಗೆ ಬಂದ ಮೇಲೆ ಅದೇ ಡಚ್ಚರು ಅಲ್ಲಿ ಇತರರ ಹಡಗುಗಳಿಗೆ ದಾರಿ ಮುಚ್ಚಿದರು. ಮುಕ್ತ ಸಮುದ್ರದ ತತ್ತ್ವ ಹುಟ್ಟಿದ್ದೇ ಸ್ವಾರ್ಥದಿಂದ. ಹಾಗೆಂದು ಅದರ ಬೆಲೆ ನನ್ನ ಕಣ್ಣಿನಲ್ಲಿ ಕಡಿಮೆಯಾಗುವುದಿಲ್ಲ, ಏಕೆಂದರೆ ನಂತರದ ಕಾಲದಲ್ಲಿ ಬಲವಿಲ್ಲದವರೂ ಅದನ್ನು ತಮ್ಮದಾಗಿಸಿಕೊಂಡರು.

ಅದು ಕಾನೂನಿನ ರೂಪ ಪಡೆದದ್ದು ನಿಧಾನವಾಗಿ. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಬಗ್ಗೆ 1888ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆದ ಒಪ್ಪಂದವು, ಯುದ್ಧಕಾಲದಲ್ಲಾಗಲಿ ಶಾಂತಿಕಾಲದಲ್ಲಾಗಲಿ, ಧ್ವಜದ ಭೇದವಿಲ್ಲದೆ ಎಲ್ಲ ಹಡಗುಗಳಿಗೂ ಕಾಲುವೆ ತೆರೆದಿರಬೇಕೆಂದು ಹೇಳಿತು. 1946ರ ಅಕ್ಟೋಬರ್‌ನಲ್ಲಿ ಅಲ್ಬೇನಿಯಾದ ಪಕ್ಕದ ಕೋರ್ಫು ಜಲಸಂಧಿಯಲ್ಲಿ ಎರಡು ಬ್ರಿಟಿಷ್ ಯುದ್ಧನೌಕೆಗಳು ನೀರಿನಲ್ಲಿ ಹುದುಗಿಸಿದ್ದ ಸಿಡಿಗುಂಡುಗಳಿಗೆ ಸಿಕ್ಕಿ 44 ನಾವಿಕರು ಸತ್ತಾಗ ಪ್ರಕರಣ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1949ರ ತೀರ್ಪು ಜಲಸಂಧಿಯಲ್ಲಿ ನಿರಪಾಯಕಾರಿಯಾಗಿ ಸಾಗುವ ಹಕ್ಕನ್ನು ಎತ್ತಿಹಿಡಿದು, ಹೊಣೆಯನ್ನು ಅಲ್ಬೇನಿಯಾದ ಮೇಲೆ ಹೊರಿಸಿತು. ಅದೇ ತೀರ್ಪಿನಲ್ಲಿ, ಸಾಕ್ಷ್ಯ ಸಂಗ್ರಹದ ನೆಪದಲ್ಲಿ ಅಲ್ಬೇನಿಯಾದ ನೀರಿಗೆ ನುಗ್ಗಿ ಸಿಡಿಗುಂಡುಗಳನ್ನು ತೆಗೆದ ಬ್ರಿಟನ್ ಆ ದೇಶದ ಸಾರ್ವಭೌಮತ್ವವನ್ನು ಮೀರಿತೆಂದೂ ಹೇಳಿತು. ಗೆದ್ದ ಸಾಮ್ರಾಜ್ಯಕ್ಕೂ ಬಡ ಸಣ್ಣ ದೇಶಕ್ಕೂ ಒಂದೇ ಅಳತೆ ಹಿಡಿದ ಆ ತೀರ್ಪನ್ನು ಓದಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಇವೆಲ್ಲದರ ಮುಂದುವರಿಕೆಯಾಗಿ 1982ರಲ್ಲಿ ಜಮೈಕಾದ ಮಾಂಟೆಗೋ ಬೇಯಲ್ಲಿ ಸಹಿಯಾದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ 12 ನಾಟಿಕಲ್ ಮೈಲಿನ ಪ್ರಾದೇಶಿಕ ಸಮುದ್ರವನ್ನೂ ಮೀನು, ಖನಿಜಗಳ ಮೇಲೆ ಕರಾವಳಿಯ ದೇಶಕ್ಕೆ ಹಕ್ಕಿರುವ 200 ನಾಟಿಕಲ್ ಮೈಲಿನ ವಿಶೇಷ ಆರ್ಥಿಕ ವಲಯವನ್ನೂ ನಿಗದಿಪಡಿಸಿ, ಅಂತರರಾಷ್ಟ್ರೀಯ ಜಲಸಂಧಿಗಳಲ್ಲಿ ಸಾಗುವ ಹಕ್ಕನ್ನು ತಡೆಯಲಾಗದು ಎಂದು ಸ್ಪಷ್ಟವಾಗಿ ಬರೆಯಿತು. 1994ರಲ್ಲಿ ಅದು ಜಾರಿಗೆ ಬಂತು, 1995ರಲ್ಲಿ ಭಾರತ ಅದನ್ನು ಅನುಮೋದಿಸಿತು. ಅಮೆರಿಕ ಇಂದಿಗೂ ಅನುಮೋದಿಸಿಲ್ಲ.

ಈ ಕಟ್ಟಳೆ ಎಂದೂ ಕಲೆಯಿಲ್ಲದೆ ನಡೆದದ್ದಲ್ಲ ಎಂಬುದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ಸೂಯೆಜ್ ಕಾಲುವೆ ತನ್ನ ಹಿಡಿತದಲ್ಲಿದ್ದಾಗ ಬ್ರಿಟನ್ ಎರಡೂ ಮಹಾಯುದ್ಧಗಳಲ್ಲಿ ಶತ್ರುಗಳ ಹಡಗುಗಳನ್ನು ತಡೆಯಿತು. ಆಮೇಲೆ ಈಜಿಪ್ಟ್ ಇಸ್ರೇಲಿನ ಹಡಗುಗಳನ್ನು ತಡೆಯಿತು. 1967ರಿಂದ 1975ರವರೆಗೆ ಕಾಲುವೆಯೇ ಮುಚ್ಚಿತ್ತು. 1984ರಲ್ಲಿ ಅಮೆರಿಕ ನಿಕರಾಗುವಾದ ಬಂದರುಗಳಲ್ಲಿ ಸಿಡಿಗುಂಡುಗಳನ್ನಿಡಿಸಿ, 1986ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅದು ತಪ್ಪೆಂದಾಗ ತೀರ್ಪನ್ನು ಧಿಕ್ಕರಿಸಿತು, ಭದ್ರತಾ ಮಂಡಳಿಯಲ್ಲಿ ವಿಟೊ ಚಲಾಯಿಸಿತು. ಇರಾನ್–ಇರಾಕ್ ಯುದ್ಧದ ಕೊನೆಯ ವರ್ಷಗಳಲ್ಲಿ ಕೊಲ್ಲಿಯ ಟ್ಯಾಂಕರುಗಳ ಮೇಲೆ ದಾಳಿಗಳಾದಾಗ ಕುವೈತಿನ ಹಡಗುಗಳು ಅಮೆರಿಕದ ಧ್ವಜ ಏರಿಸಿಕೊಂಡು ಅಮೆರಿಕದ ನೌಕಾಪಡೆಯ ಬೆಂಗಾವಲು ಪಡೆದವು. ಆದರೂ ಮುರಿದವರು ನೆಪ ಹೇಳಬೇಕಾಗುತ್ತಿತ್ತು, ಕೊನೆಗೆ ಎಲ್ಲರೂ ಅದೇ ಕಟ್ಟಳೆಗೆ ಹಿಂದಿರುಗುತ್ತಿದ್ದರು. ಈ ಸಲ ಹಿಂದಿರುಗುವ ಆತುರ ಯಾರಲ್ಲಿಯೂ ಕಾಣುತ್ತಿಲ್ಲ.

ಕೆಂಪು ಸಮುದ್ರದ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. 2023ರ ನವೆಂಬರ್ 19ರಂದು ಯೆಮೆನ್‌ನ ಇರಾನ್ ಬೆಂಬಲದ ಹೂತಿ ಹೋರಾಟಗಾರರು ಹೆಲಿಕಾಪ್ಟರಿನಲ್ಲಿ ಬಂದಿಳಿದು ಗ್ಯಾಲಕ್ಸಿ ಲೀಡರ್ ಎಂಬ, ಕಾರು ಸಾಗಿಸುವ ಹಡಗನ್ನು ವಶಪಡಿಸಿಕೊಂಡರು. ಗಾಜಾದ ಮೇಲಿನ ಯುದ್ಧ ನಿಲ್ಲುವವರೆಗೆ ಇಸ್ರೇಲಿಗೆ ಸಂಬಂಧಿಸಿದ ಹಡಗುಗಳನ್ನು ಬಿಡುವುದಿಲ್ಲ ಎಂಬುದು ಅವರ ಘೋಷಣೆ. ಆ ಹಡಗಿನ ಒಡೆತನದಲ್ಲಿ ಇಸ್ರೇಲಿ ಉದ್ಯಮಿಯೊಬ್ಬರ ಪಾಲಿತ್ತು, ಆದರೆ ಅದು ಬಹಾಮಾಸ್ ಧ್ವಜದಡಿ, ಜಪಾನಿ ಕಂಪನಿಯ ನಿರ್ವಹಣೆಯಲ್ಲಿ, ಟರ್ಕಿಯಿಂದ ನಮ್ಮ ಗುಜರಾತಿನ ಪಿಪಾವಾವ್ ಬಂದರಿಗೆ ಬರುತ್ತಿತ್ತು. ಅದರಲ್ಲಿದ್ದ 25 ಸಿಬ್ಬಂದಿಯಲ್ಲಿ ಒಬ್ಬನೂ ಇಸ್ರೇಲಿ ಇರಲಿಲ್ಲ. ಫಿಲಿಪ್ಪೀನ್ಸ್, ಬಲ್ಗೇರಿಯಾ, ಉಕ್ರೇನ್, ರೊಮೇನಿಯಾ, ಮೆಕ್ಸಿಕೊಗಳ ಆ ನಾವಿಕರಿಗೆ ಬಿಡುಗಡೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಗಾಜಾದ ಜನರ ಸಂಕಟ ನನ್ನನ್ನೂ ಕಲಕಿದೆ. ಆದರೆ ಆ ಸಂಕಟಕ್ಕೆ ಯಾವ ರೀತಿಯಲ್ಲಿಯೂ ಕಾರಣರಲ್ಲದ, ಮನೆಗೆ ಹಣ ಕಳುಹಿಸಲು ಕಡಲಿಗಿಳಿದ ಈ ಜನರನ್ನು ಒತ್ತೆಯಿಟ್ಟುಕೊಂಡದ್ದನ್ನು ನ್ಯಾಯವೆಂದು ಒಪ್ಪಲು ನನ್ನಿಂದಾಗದು.

ಮುಂದಿನ ಒಂದು ವರ್ಷದಲ್ಲಿ ನೂರಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳು ಗುರಿಯಾದವು. ಇಪ್ಪತ್ತು ಸಾವಿರ ಟನ್ನಿಗಿಂತ ಹೆಚ್ಚು ಗೊಬ್ಬರ ಹೊತ್ತಿದ್ದ ರೂಬಿಮಾರ್ 2024ರ ಮಾರ್ಚ್‌ನಲ್ಲಿ ಮುಳುಗಿತು. ಅದೇ ತಿಂಗಳು ಟ್ರೂ ಕಾನ್ಫಿಡೆನ್ಸ್ ಹಡಗಿನಲ್ಲಿ ಮೂವರು ನಾವಿಕರು ಸತ್ತರು. ಉಳಿದವರನ್ನು ಕಾಪಾಡಿದ್ದು ನಮ್ಮ ನೌಕಾಪಡೆಯ ಐಎನ್‌ಎಸ್ ಕೋಲ್ಕತಾ. ಕೆಂಪು ಸಮುದ್ರದ ದಕ್ಷಿಣದ ಬಾಗಿಲಾದ ಬಾಬ್ ಅಲ್ ಮಂದಬ್ ಜಲಸಂಧಿ ಸುಮಾರು ಮೂವತ್ತು ಕಿಲೋಮೀಟರ್ ಅಗಲದ್ದು. ಅಷ್ಟು ಇಕ್ಕಟ್ಟಿನ ದಾರಿಗೆ ದೊಡ್ಡ ನೌಕಾಪಡೆಯಿಲ್ಲದ ಗುಂಪೊಂದು ಅಗ್ಗದ ಡ್ರೋನುಗಳಿಂದ ಅಡ್ಡ ನಿಂತಿತು. ಆ ಡ್ರೋನನ್ನು ಹೊಡೆದುರುಳಿಸಲು ಅಮೆರಿಕದ ಯುದ್ಧನೌಕೆಗಳು ಹಾರಿಸಿದ ಕ್ಷಿಪಣಿಗಳಲ್ಲಿ ಕೆಲವದರ ಬೆಲೆ ಇಪ್ಪತ್ತು ಲಕ್ಷ ಡಾಲರ್‌ನಷ್ಟಿತ್ತು. ಈ ಲೆಕ್ಕ ಬಹುಕಾಲ ನಡೆಯುವಂಥದ್ದಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ದೊಡ್ಡ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಬಳಸಿ ಹೋಗತೊಡಗಿದವು. ಏಷ್ಯಾದಿಂದ ಯುರೋಪಿಗೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಸೂಯೆಜ್ ದಾರಿಯಲ್ಲಿಯೇ ಉಳಿದ ಹಡಗುಗಳಿಗೆ ಯುದ್ಧಾಪಾಯದ ವಿಮೆ ಹಲವು ಪಟ್ಟು ಏರಿತು. ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿಯ ದೊಡ್ಡ ಗಿರಾಕಿ ಇಟಲಿ, ಆಮೇಲೆ ಜರ್ಮನಿ. ಆ ಕಂಟೇನರುಗಳೆಲ್ಲ ಹೋಗುವುದು ಈ ದಾರಿಯಲ್ಲಿಯೇ. ಏರಿದ ಸಾಗಣೆ ದರ, ಸಿಗದ ಕಂಟೇನರ್, ತಡವಾದ ಪಾವತಿ ಎಲ್ಲವೂ ರಫ್ತುದಾರರ ತಲೆಯ ಮೇಲೆ ಬಂದವು. ಆದರೂ ನಮ್ಮ ಪೆಟ್ಟು ಸಣ್ಣದು. ಈಜಿಪ್ಟಿಗೆ ಸೂಯೆಜ್ ಕಾಲುವೆಯಿಂದ 2023ರಲ್ಲಿ ಬಂದ ಆದಾಯ ಸುಮಾರು 1,025 ಕೋಟಿ ಡಾಲರ್; 2024ರಲ್ಲಿ ಅದು ಸುಮಾರು 400 ಕೋಟಿಗೆ ಇಳಿಯಿತು. ಆಹಾರದ ಬಹುಪಾಲನ್ನು ಹೊರಗಿನಿಂದಲೇ ತರಿಸಿಕೊಳ್ಳುವ ಯೆಮೆನ್ ಮತ್ತು ಅಂತರ್ಯುದ್ಧದಲ್ಲಿ ಬೇಯುತ್ತಿರುವ ಸುಡಾನ್ ಇದೇ ಸಮುದ್ರದ ದಡದಲ್ಲಿವೆ. ಶ್ರೀಮಂತ ಯುರೋಪಿಗೆ ಸರಕು ಎರಡು ವಾರ ತಡವಾಗಿ ತಲುಪಿತು. ಬಡವರ ಬಂದರುಗಳಿಗೆ ಹಡಗು ಬರುವುದೇ ಕಷ್ಟವಾಯಿತು.

ಇದಕ್ಕೆ ಜಗತ್ತಿನ ಪ್ರತಿಕ್ರಿಯೆ ಹೇಗಿತ್ತು ಎಂಬುದರಲ್ಲಿಯೇ ಬದಲಾದ ಕಾಲದ ಚಿತ್ರವಿದೆ. 2024ರ ಜನವರಿ 10ರಂದು ಭದ್ರತಾ ಮಂಡಳಿ 2722ನೆಯ ನಿರ್ಣಯದ ಮೂಲಕ ದಾಳಿಗಳನ್ನು ಖಂಡಿಸಿತು. 11 ದೇಶಗಳು ಪರವಾಗಿ ಮತ ಹಾಕಿದವು, ರಷ್ಯಾ ಮತ್ತು ಚೀನಾ ಸೇರಿ ನಾಲ್ಕು ದೇಶಗಳು ತಟಸ್ಥವಾಗಿ ಉಳಿದವು. ಅಮೆರಿಕದ ನೇತೃತ್ವದ ನೌಕಾಕೂಟ ಒಂದು, ಐರೋಪ್ಯ ಒಕ್ಕೂಟದ ನೌಕಾಪಡೆ ಇನ್ನೊಂದು, ನಾವು ನಮ್ಮಷ್ಟಕ್ಕೆ ಬೇರೆ. ಇತ್ತ ಹಡಗುಗಳು ತಮ್ಮ ಗುರುತನ್ನೂ ಗಮ್ಯವನ್ನೂ ಸಾರುವ ಸ್ವಯಂಚಾಲಿತ ಸಾಧನದಲ್ಲಿ, ಊರಿನ ಹೆಸರು ಬರೆಯಬೇಕಾದ ಜಾಗದಲ್ಲಿ, ಸಿಬ್ಬಂದಿಯೆಲ್ಲ ಚೀನೀಯರು ಎಂದೋ ಇಸ್ರೇಲಿನೊಂದಿಗೆ ಸಂಬಂಧವಿಲ್ಲ ಎಂದೋ ಬರೆದುಕೊಂಡು ಸಾಗತೊಡಗಿದವು. ರಷ್ಯಾ, ಚೀನಾಗಳ ಹಡಗುಗಳಿಗೆ ತೊಂದರೆ ಕೊಡುವುದಿಲ್ಲವೆಂದು ಹೂತಿಗಳು ಭರವಸೆ ಕೊಟ್ಟ ವರದಿಗಳೂ ಬಂದವು. ಕರ್ತಾಜ್ ಪತ್ರಕ್ಕೂ ಇದಕ್ಕೂ ವ್ಯತ್ಯಾಸವಿರುವುದು ತಂತ್ರಜ್ಞಾನದಲ್ಲಿ ಮಾತ್ರ.

2025ರಲ್ಲಿ ನಡೆದದ್ದು ಇನ್ನೂ ಗಂಭೀರವಾದದ್ದು ಎಂದು ನಾನು ಎಣಿಸುತ್ತೇನೆ. ಮಾರ್ಚ್ 15ರಿಂದ ಏಳು ವಾರಗಳಿಗೂ ಹೆಚ್ಚು ಕಾಲ ಯೆಮೆನ್‌ನ ಮೇಲೆ ಬಾಂಬು ಸುರಿದ ಅಮೆರಿಕ, ಮೇ 6ರಂದು ಒಮಾನ್ ಮಧ್ಯಸ್ಥಿಕೆಯಲ್ಲಿ ಹೂತಿಗಳೊಂದಿಗೆ ಒಪ್ಪಂದಕ್ಕೆ ಬಂತು. ಅದರ ಸಾರ ಇಷ್ಟೇ: ನೀವು ನಮ್ಮ ಹಡಗುಗಳನ್ನು ಮುಟ್ಟಬೇಡಿ, ನಾವು ನಿಮ್ಮನ್ನು ಹೊಡೆಯುವುದಿಲ್ಲ. ಎಲ್ಲರ ಪರವಾಗಿ ಕಡಲ ದಾರಿಯನ್ನು ಕಾಯುತ್ತೇನೆಂದು ಎಪ್ಪತ್ತೈದು ವರ್ಷ ಹೇಳಿಕೊಂಡು ಬಂದ ದೇಶ, ತನ್ನ ಹಡಗುಗಳಿಗೆ ಮಾತ್ರ ದಾರಿ ಮಾಡಿಕೊಂಡು ಹಿಂದೆ ಸರಿಯಿತು. ಎರಡು ತಿಂಗಳ ನಂತರ, ಜುಲೈ ತಿಂಗಳ ಒಂದೇ ವಾರದಲ್ಲಿ, ಗ್ರೀಕ್ ಕಂಪನಿಗಳು ನಡೆಸುತ್ತಿದ್ದ, ಲೈಬೀರಿಯಾ ಧ್ವಜದ ಮ್ಯಾಜಿಕ್ ಸೀಸ್ ಮತ್ತು ಎಟರ್ನಿಟಿ ಸಿ ಎಂಬ ಎರಡು ಹಡಗುಗಳನ್ನು ಹೂತಿಗಳು ಮುಳುಗಿಸಿದರು. ಎರಡನೆಯದರ ಸಿಬ್ಬಂದಿಯಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸಿನವರು. ಕೆಲವರು ಸತ್ತರು, ಕೆಲವರು ಸೆರೆಯಾದರು. ಆ ಹಡಗು ಎರಡು ದಿನ ದಾಳಿಗೆ ಸಿಕ್ಕಿ ಮುಳುಗುವವರೆಗೆ ಯಾವ ಯುದ್ಧನೌಕೆಯೂ ಅದರ ಬಳಿಗೆ ಬರಲಿಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ತಮ್ಮ ದೇಶದ ಹಡಗುಗಳಿಗೆ ಪನಾಮಾ ಮತ್ತು ಸೂಯೆಜ್ ಕಾಲುವೆಗಳಲ್ಲಿ ಶುಲ್ಕವಿಲ್ಲದೆ ದಾರಿ ಸಿಗಬೇಕೆಂದರು. ಅಕ್ಟೋಬರ್‌ನಲ್ಲಿ ಅಮೆರಿಕ ಚೀನೀ ಹಡಗುಗಳ ಮೇಲೆ, ಚೀನಾ ಅಮೆರಿಕದ ಹಡಗುಗಳ ಮೇಲೆ ಬಂದರು ಶುಲ್ಕ ಹೇರಿ, ತಿಂಗಳು ತುಂಬುವ ಮೊದಲೇ ಒಂದು ವರ್ಷದ ಮಟ್ಟಿಗೆ ತಡೆಹಿಡಿದವು. ಶುಲ್ಕಗಳ ಮೊತ್ತ ಇಲ್ಲಿ ಮುಖ್ಯವಲ್ಲ. ಎರಡು ದೊಡ್ಡ ಶಕ್ತಿಗಳೂ ಹಡಗನ್ನು ಅದರ ಮೂಲ ನೋಡಿ ಅಳೆಯಲು ಸಿದ್ಧವಾದವು ಎಂಬುದು ಮುಖ್ಯ.

ಚೀನಾದ ವಿಷಯದಲ್ಲಿ ದೀರ್ಘ ವಿವರಣೆ ಬೇಡ. ದಕ್ಷಿಣ ಚೀನಾ ಸಮುದ್ರದ ಬಹುಭಾಗ ತನ್ನ ಐತಿಹಾಸಿಕ ಹಕ್ಕೆಂಬ ಅದರ ವಾದಕ್ಕೆ ಕಾನೂನಿನ ಆಧಾರವಿಲ್ಲವೆಂದು ಸಮುದ್ರ ಕಾನೂನು ಒಡಂಬಡಿಕೆಯಡಿ ಫಿಲಿಪ್ಪೀನ್ಸ್ ಹೂಡಿದ ಪ್ರಕರಣದಲ್ಲಿ 2016ರ ಜುಲೈ 12ರಂದು ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಚೀನಾ ಅದನ್ನು ಒಪ್ಪಲೇ ಇಲ್ಲ. ಇದಕ್ಕೆ ಎರಡು ವರ್ಷ ಮೊದಲು, 2014ರ ಜುಲೈ 7ರಂದು, ಬಂಗಾಳ ಕೊಲ್ಲಿಯ ಗಡಿಯ ಬಗ್ಗೆ ಬಾಂಗ್ಲಾದೇಶ ಅದೇ ಒಡಂಬಡಿಕೆಯಡಿ ಭಾರತದ ವಿರುದ್ಧ ತಂದ ಪ್ರಕರಣದಲ್ಲಿ, ವಿವಾದದಲ್ಲಿದ್ದ ಸುಮಾರು 25,600 ಚದರ ಕಿಲೋಮೀಟರ್ ಸಮುದ್ರದಲ್ಲಿ ಸುಮಾರು 19,500 ಚದರ ಕಿಲೋಮೀಟರ್ ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ತಕರಾರು ಮಾಡದೆ ಒಪ್ಪಿಕೊಂಡಿತು. ನಮ್ಮ ವಿದೇಶಾಂಗ ನೀತಿಯಲ್ಲಿ ನಾನು ಹೆಮ್ಮೆಪಡುವ ಸಂಗತಿಗಳಲ್ಲಿ ಇದು ಮೊದಲ ಸಾಲಿನದು. ನಮ್ಮಲ್ಲಿಯೇ ಬಹಳ ಜನರಿಗೆ ಇದು ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಈಗ ನಮ್ಮ ಸ್ಥಿತಿಗೆ ಬರುತ್ತೇನೆ. ಭಾರತ ಎಲ್ಲರೊಂದಿಗೂ ಮಾತನಾಡಬಲ್ಲ ದೇಶ, ಆದ್ದರಿಂದ ಕಟ್ಟಳೆ ಕುಸಿದರೂ ನಮ್ಮ ಹಡಗುಗಳಿಗೆ ನಾವು ದಾರಿ ಮಾಡಿಕೊಳ್ಳುತ್ತೇವೆ ಎಂಬ ನಂಬಿಕೆ ದೆಹಲಿಯಲ್ಲಿಯೂ ಟಿವಿ ಚರ್ಚೆಗಳಲ್ಲಿಯೂ ಬಲವಾಗಿದೆ. 2024ರ ಜನವರಿಯಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಟೆಹ್ರಾನಿಗೆ ಹೋಗಿ ಹಡಗುಗಳ ಸುರಕ್ಷತೆಯ ಮಾತೆತ್ತಿದ್ದು ಸರಿಯಾದ ಕೆಲಸವೇ. ನೌಕಾಪಡೆ ಅರಬ್ಬೀ ಸಮುದ್ರಕ್ಕೆ ಹತ್ತಕ್ಕೂ ಹೆಚ್ಚು ನೌಕೆಗಳನ್ನು ಕಳುಹಿಸಿ, ಧ್ವಜ ನೋಡದೆ ಎಲ್ಲರ ನೆರವಿಗೂ ಧಾವಿಸಿದ್ದು ಅದಕ್ಕಿಂತ ದೊಡ್ಡ ಕೆಲಸ. ಆದರೆ ಆ ನಂಬಿಕೆಯ ತಳಹದಿ ನನಗೆ ಗಟ್ಟಿಯಾಗಿ ಕಾಣುವುದಿಲ್ಲ. ತೂಕದ ಲೆಕ್ಕದಲ್ಲಿ ನಮ್ಮ ವಿದೇಶ ವ್ಯಾಪಾರದ ಸುಮಾರು ಶೇ. 95ರಷ್ಟು ಸಾಗುವುದು ಸಮುದ್ರದ ಮೇಲೆ. ಅದರಲ್ಲಿ ಭಾರತದ ಧ್ವಜದಡಿ ಸಾಗುವ ಪಾಲು ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳ ಧ್ವಜ ಹೊತ್ತ, ಗ್ರೀಕ್, ಜಪಾನಿ, ಚೀನೀ ಒಡೆಯರ ಹಡಗುಗಳಲ್ಲಿದೆ. ಧ್ವಜಕ್ಕೊಂದು ನ್ಯಾಯವಾದರೆ, ನಮಗೆ ಸಿಕ್ಕ ವಿನಾಯಿತಿ ನಮ್ಮ ಸರಕನ್ನೂ ಕಾಯುವುದಿಲ್ಲ, ಆ ಹಡಗುಗಳಲ್ಲಿ ದುಡಿಯುವ ನಮ್ಮ ಹುಡುಗರನ್ನೂ ಕಾಯುವುದಿಲ್ಲ.

ವಿನಾಯಿತಿಯ ಆಯುಷ್ಯವೂ ನಮಗೆ ಗೊತ್ತಿರುವಂಥದ್ದೇ. ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನಿನ ಕಚ್ಚಾ ತೈಲವನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿದ್ದ ತೈಲ ಶುದ್ಧೀಕರಣ ಸಂಸ್ಥೆ. 2018ರ ನವೆಂಬರ್‌ನಲ್ಲಿ ಅಮೆರಿಕ ಇರಾನಿನ ತೈಲದ ಮೇಲೆ ನಿರ್ಬಂಧ ಹೇರಿ ಭಾರತ ಸೇರಿ ಎಂಟು ಖರೀದಿದಾರರಿಗೆ ಆರು ತಿಂಗಳ ವಿನಾಯಿತಿ ಕೊಟ್ಟಿತು. 2019ರ ಮೇ ಆರಂಭದಲ್ಲಿ ಅದು ಮುಗಿಯಿತು, ಖರೀದಿಯೂ ನಿಂತಿತು. ರಷ್ಯಾದ ತೈಲ ಕೊಂಡದ್ದಕ್ಕಾಗಿ 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಹೆಚ್ಚುವರಿ ಶೇ. 25 ಸುಂಕ ಬಿತ್ತು. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಭೂಗತ ಸಂಗ್ರಹಾಗಾರಗಳಲ್ಲಿ ಕ್ರಮವಾಗಿ 15 ಲಕ್ಷ ಮತ್ತು 25 ಲಕ್ಷ ಟನ್ ಕಚ್ಚಾ ತೈಲ ಇಡಬಹುದು, ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿಸಿದರೂ ಒಟ್ಟು ಸಾಮರ್ಥ್ಯ ದೇಶದ ಒಂಬತ್ತು ಹತ್ತು ದಿನಗಳ ಬೇಡಿಕೆಗೆ ಸಾಲುವಷ್ಟು. ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಕಡಲ ದಾರಿಯ ಕಟ್ಟಳೆಯನ್ನು ಬಿಟ್ಟರೆ ನಿಜವಾದ ವಿಮೆ ಬೇರೆ ಇಲ್ಲ.

ಆದ್ದರಿಂದ, ಕಟ್ಟಳೆಯನ್ನು ಉಳಿಸುವ ಕೆಲಸದಲ್ಲಿ ಭಾರತ ಮುಂದೆ ನಿಲ್ಲಬೇಕು, ಅದನ್ನು ಪಶ್ಚಿಮದವರ ಕಾರ್ಯಸೂಚಿ ಎಂದು ಪಕ್ಕಕ್ಕೆ ಸರಿಸಬಾರದು. ಕೀನ್ಯಾ, ಈಜಿಪ್ಟ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗಳಂತಹ, ದಾರಿ ಮುಚ್ಚಿದರೆ ಮೊದಲು ನರಳುವ ದೇಶಗಳು ನಮ್ಮ ಸಹಜ ಜೊತೆಗಾರರು. ಆದರೆ ಅವರೆದುರು ನಿಲ್ಲುವ ಮೊದಲು ನಮ್ಮ ಮನೆಯೊಳಗಿನ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕಾಗಿದೆ. 2021ರ ಏಪ್ರಿಲ್ 7ರಂದು ಅಮೆರಿಕದ ಯುದ್ಧನೌಕೆ ಜಾನ್ ಪಾಲ್ ಜೋನ್ಸ್, ಲಕ್ಷದ್ವೀಪದ ಪಶ್ಚಿಮಕ್ಕೆ ನಮ್ಮ ವಿಶೇಷ ಆರ್ಥಿಕ ವಲಯದಲ್ಲಿ ಭಾರತದ ಅನುಮತಿ ಕೇಳದೆ ಸಾಗಿ, ಅದನ್ನು ಬಹಿರಂಗವಾಗಿ ಸಾರಿತು. ನಮ್ಮವರು ಆಕ್ಷೇಪಿಸಿದರು. ತಾನೇ ಅನುಮೋದಿಸದ ಒಡಂಬಡಿಕೆಯ ಹೆಸರಿನಲ್ಲಿ ಅಮೆರಿಕ ಹಾಗೆ ಮಾಡಿದ್ದು ಒರಟುತನವೇ ಸರಿ. ಆದರೆ ನಮ್ಮ ವಲಯದಲ್ಲಿ ಪರದೇಶದ ಸೇನೆ ಕವಾಯತು ನಡೆಸಲು ನಮ್ಮ ಒಪ್ಪಿಗೆ ಬೇಕೆಂದು 1995ರಲ್ಲಿ ನಾವು ಸೇರಿಸಿದ ಘೋಷಣೆಯೂ, ಪ್ರಾದೇಶಿಕ ಸಮುದ್ರಕ್ಕೆ ಬರುವ ಯುದ್ಧನೌಕೆ ಮೊದಲೇ ತಿಳಿಸಬೇಕೆನ್ನುವ 1976ರ ನಮ್ಮ ಕಾಯಿದೆಯೂ, ದಕ್ಷಿಣ ಚೀನಾ ಸಮುದ್ರದಲ್ಲಿ ಬೀಜಿಂಗ್ ಹೇಳುವ ಮಾತಿಗೆ ಬಹಳ ಹತ್ತಿರದಲ್ಲಿವೆ. ಕರಾವಳಿಯ ಭದ್ರತೆಯ ಆತಂಕ ಆ ಕಾಲಕ್ಕೆ ಸಹಜವಾಗಿತ್ತು. ಇಂದು ಕಾರವಾರದ ಕದಂಬ ನೌಕಾನೆಲೆಯಿಂದ ಏಡನ್ ಕೊಲ್ಲಿಯವರೆಗೆ ಕಾವಲು ತಿರುಗುವ, ಇತರರ ನೀರಿನಲ್ಲಿಯೂ ದಾರಿ ಬೇಕಾಗಿರುವ ದೇಶ ನಮ್ಮದು. ಈ ಎರಡು ನಿಲುವುಗಳ ಮರುಪರಿಶೀಲನೆಯನ್ನು ಸಂಸತ್ತು ಕೈಗೆತ್ತಿಕೊಳ್ಳಬೇಕು, ಅದಕ್ಕೂ ಮೊದಲು ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿ ನೌಕಾಪಡೆಯವರನ್ನೂ ವ್ಯಾಪಾರಿ ನಾವಿಕರ ಸಂಘಟನೆಗಳನ್ನೂ ಕರೆಸಿ ಅವರ ಮಾತನ್ನು ದಾಖಲಿಸಿಕೊಳ್ಳಬೇಕು.